ಹರಕೆ ಹೊತ್ತವರು ಯಾರು, ತೀರಿಸಬೇಕಾದವರು ಯಾರು?

ಇದನ್ನ ಬರೆಯೋಕೆ ಶುರು ಮಾಡಿ ಮೂರು ವಾರ ಆಯ್ತು. ಬರೀತೀನಿ, ಅಳಿಸ್ತೀನಿ, ಮತ್ತೆ ಬರೀತೀನಿ... ಇವತ್ತು ಮುಗಿಸೇ ಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ ಗೆಳೆಯರೇ.

ಆಗಿದ್ದಿಷ್ಟೇ. ಆಫೀಸಿನಲ್ಲಿ ಊಟದ ಹೊತ್ತಿಗೆ ದೇವರು-ದಿಂಡರ ಮಾತು ಬಂತು. ನಮ್ಮ ಜೊತೆಗಾರ ಒಬ್ಬ, ಒಳ್ಳೆಯವನು, ಓದಿಕೊಂಡವನು, ಪ್ರವಚನಗಳಿಗೆಲ್ಲ ತಪ್ಪದೆ ಹೋಗುವವನು, ಹೀಗಂದ: "ನಂಬಿಕೆ ಅಂದ್ರೆ ಪರೀಕ್ಷೆ ಕಣ್ರೀ. ನಮಗೆ ಯಾವುದು ಜೀವಕ್ಕಿಂತ ಹೆಚ್ಚೋ ಅದನ್ನೇ ದೇವರು ಕೇಳ್ತಾನೆ. ಯಾಕೆ ಅಂತ ಕೇಳ್ದೆ ಕೊಟ್ಟವನೇ ಭಕ್ತ. ಸಿರಿಯಾಳ ಮಗನನ್ನೇ ಕೊಡ್ಲಿಲ್ವಾ? ಅಬ್ರಹಾಂ ಮಗನ ಮೇಲೆ ಕತ್ತಿ ಎತ್ತಲಿಲ್ವಾ? ಈಗಿನವರದ್ದು ನಂಬಿಕೆ ಅಲ್ಲ, ಬರೀ ಲೆಕ್ಕಾಚಾರ."

ಎಲ್ಲರೂ ಹೌದೌದು ಅಂತ ತಲೆ ಆಡಿಸಿದ್ರು. ನಾನೂ ಆಡಿಸಿದೆ. ಅದೇ ನನ್ನನ್ನ ಕಾಡ್ತಿರೋದು. ಯಾಕಂದ್ರೆ ಆ ಮಾತು ನಿಜವೇ ಆಗಿದ್ರೆ ನನ್ನ ಅಕ್ಕನ ಕೊರಳಲ್ಲಿ ಇವತ್ತು ಎಲ್ಲಮ್ಮನ ಮುತ್ತು ಇರಬೇಕಿತ್ತು. ಅದೂ ನನ್ನ ಜೀವದ ಸಲುವಾಗಿ.

ಅವತ್ತು ಬಾಯಿ ಬರಲಿಲ್ಲ. ಇಲ್ಲಿ ಹೇಳ್ತೀನಿ.

ನಮ್ಮೂರು ಮಸರಕಲ್. ರಾಯಚೂರು ಜಿಲ್ಲೆ, ದೇವದುರ್ಗ ತಾಲೂಕು. ಜೋಳ, ತೊಗರಿ, ಹತ್ತಿ, ಕಪ್ಪು ಮಣ್ಣು, ಕೆಂಡದಂಥ ಬಿಸಿಲು. ಹೊರಗಿನವರಿಗೆ ಈ ಊರಿನ ಹೆಸರು ಗೊತ್ತಿದ್ರೆ ಅದು ದಾಸ ಸಾಹಿತ್ಯದಿಂದ. ಹದಿನೆಂಟನೇ ಶತಮಾನದ ಗೋಪಾಲದಾಸರು ನಮ್ಮೂರಿನವರು. ಮೊದಲ ಹೆಸರು ಭಾಗಣ್ಣ, ಅಂಕಿತ ಗೋಪಾಲವಿಠಲ. ಪುಸ್ತಕಗಳಲ್ಲಿ ಮೊಸರಕಲ್ಲು ಅಂತ ಬರೀತಾರೆ, ನಮ್ಮ ಬಾಯಲ್ಲಿ ಅದು ಮಸರಕಲ್.

ಗೋಪಾಲದಾಸರ ಬಗ್ಗೆ ದಾಸ ಪರಂಪರೆಯಲ್ಲಿ ಎಲ್ಲರೂ ಹೇಳುವ ಕತೆ ಒಂದಿದೆ. ಮಾನ್ವಿ ತಾಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡೋ ದಾಸರು ಅಂದ್ರೆ ಅಷ್ಟಕ್ಕಷ್ಟೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಅಂತ ನೆವ ಹೇಳಿದರಂತೆ. ನೆವ ನಿಜವಾಯ್ತು, ಹೊಟ್ಟೆಶೂಲೆ ಹಿಡಿದು ಸಾಯೋ ಸ್ಥಿತಿ ಬಂತು. ಕೊನೆಗೆ ವಿಜಯದಾಸರ ಕಾಲಿಗೇ ಬಿದ್ದರು. ಅವರು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿ, ಇವರಿಗೆ ನಿನ್ನ ಆಯುಷ್ಯದಲ್ಲಿ ನಲವತ್ತು ವರ್ಷ ಕೊಡು ಅಂದರಂತೆ. ಗೋಪಾಲದಾಸರು ಕೊಟ್ಟರು. ಮಂತ್ರಿಸಿದ ಜೋಳದ ರೊಟ್ಟಿ ತಿನ್ನಿಸಿ ಕೊಟ್ಟರು ಅಂತ ಹೇಳ್ತಾರೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ, ಮಾನ್ವಿಯಲ್ಲಿ ನೆಲೆಸಿ, 32 ಸಂಧಿಗಳ ಹರಿಕಥಾಮೃತಸಾರ ಬರೆದರು.

ಈ ಕತೆ ನಾನು ಕೇಳಿದ್ದು ಮೈಕಿನಲ್ಲಿ. ಗುಡಿ ಮುಂದೆ ಹರಿಕಥೆ ನಡೆದರೆ ನಮ್ಮ ಕೇರಿಯವರು ಅಲ್ಲಿ ಹೋಗಿ ಕೂರೋ ಹಾಗಿರಲಿಲ್ಲ. ಆದರೆ ಮೈಕಿಗೆ ಜಾತಿ ಇಲ್ವಲ್ಲ... ಅಂಗಳದಲ್ಲಿ ಕೌದಿ ಹಾಸಿಕೊಂಡು ಮಲಗಿ ಕೇಳ್ತಿದ್ವಿ. ನಲವತ್ತು ವರ್ಷ ಕೊಟ್ಟ ಜಾಗ ಬಂದಾಗ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳೋಳು.

ಈಗ ನನ್ನ ಕತೆ.

1987ರಲ್ಲಿ ನನಗೆ ಐದು ವರ್ಷ. ಜ್ವರ ಬಂತು, ಬಿಡಲಿಲ್ಲ. ಊರ ಔಷಧಿ ಆಯ್ತು, ದೇವದುರ್ಗ ಆಯ್ತು, ಕೊನೆಗೆ ರಾಯಚೂರಿಗೆ ಹೊತ್ತುಕೊಂಡು ಹೋದರು. ನನಗಿಂತ ಮುಂಚೆ ಅವ್ವ ಇಬ್ಬರು ಗಂಡುಮಕ್ಕಳನ್ನ ಕಳ್ಕೊಂಡಿದ್ದಳು. ಮನೆಯಲ್ಲಿ ಉಳಿದಿದ್ದು ಒಂಬತ್ತು ವರ್ಷದ ಅಕ್ಕ, ಮತ್ತೆ ನಾನು. ನಾನು ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರ ಇಲ್ಲದೆ ಬಿದ್ದಿದ್ದಾಗ ಆಯಿ, ಅಂದ್ರೆ ಅಪ್ಪನ ಅವ್ವ, ದೇವರ ಜಗಲಿ ಮುಂದೆ ನಿಂತು ಹರಕೆ ಹೊತ್ತಳು: "ತಾಯಿ, ಹುಡುಗ ಒಬ್ಬ ಉಳೀಲಿ. ಹುಡುಗಿನ್ನ ನಿನಗ ಬಿಡ್ತೀವಿ."

ನಾನು ಉಳಿದೆ.

"ಬಿಡೋದು" ಅಂದ್ರೇನು ಅಂತ ಬೆಂಗಳೂರು-ಮೈಸೂರಿನ ಓದುಗರಿಗೆ ಹೇಳ್ಬೇಕು. ಹುಡುಗಿಯನ್ನ ದೇವಿಗೆ ಮದುವೆ ಮಾಡಿದ ಹಾಗೆ ಕೊರಳಿಗೆ ಕೆಂಪು-ಬಿಳಿ ಮಣಿಯ ಮುತ್ತು ಕಟ್ತಾರೆ. ಅಲ್ಲಿಂದ ಮುಂದೆ ಆಕೆಗೆ ಬೇರೆ ಮದುವೆ ಇಲ್ಲ. ನಮ್ಮ ಕಡೆ ಬಸವಿ ಅಂತಾರೆ, ಜೋಗತಿ ಅಂತಾರೆ, ಸರ್ಕಾರಿ ಕಾಗದದಲ್ಲಿ ದೇವದಾಸಿ. ಆಕೆ ದೊಡ್ಡವಳಾದ ಮೇಲೆ ಮನೆ ಬಾಗಿಲಿಗೆ ಬರೋದು ದೇವರಲ್ಲ. ಕೈಯಲ್ಲಿ ನಾಲ್ಕು ಕಾಸು ಇರೋ ಗಂಡಸರು. ಆಕೆಯ ಮಕ್ಕಳು ಶಾಲೆಗೆ ಹೋದ್ರೆ ಅಪ್ಪನ ಹೆಸರಿನ ಜಾಗ ಖಾಲಿ.

ಎರಡು ವರ್ಷ ಯಾರೂ ಆ ಹರಕೆಯ ಮಾತು ಎತ್ತಲಿಲ್ಲ. ಆಮೇಲೆ ಅಕ್ಕನ ಕೂದಲು ಗಂಟಾಯ್ತು. ಹತ್ತಿ ಬಿಡಿಸೋ ಸೀಜನ್ನಿನಲ್ಲಿ ಬೆಳಗಿಂದ ಸಂಜೆ ತನಕ ಹೊಲದಲ್ಲಿ ಇರ್ತಿದ್ದ ಹುಡುಗಿ, ಎಣ್ಣೆ ಇಲ್ಲ, ಬಾಚಣಿಗೆ ಇಲ್ಲ, ಕೂದಲು ಅಂಟಿಕೊಂಡು ಜಡೆ ಬಿತ್ತು. ಯಾರ ತಲೆಯಲ್ಲಾದ್ರೂ ಬೀಳುತ್ತೆ. ಆದರೆ ಕೇರಿಗೆ ಅಷ್ಟು ಸಾಕಾಯ್ತು. "ಜಡಿ ಬಂದಾಳ ಎಲ್ಲಮ್ಮ, ಕೇಳಾಕ ಬಂದಾಳ, ಇನ್ನ ತಡ ಮಾಡಿದ್ರ ಹುಡುಗನ್ನ ವಾಪಸ್ ಒಯ್ತಾಳ." ಹೀಗೆ ಹೇಳಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನನ್ನನ್ನ ಎತ್ತಿ ಆಡಿಸಿದ ಜನವೇ. ಆಯಿ ಅಂತೂ ರಾತ್ರಿಯಿಡೀ ಅಳೋಳು. ಆಕೆಗೆ ಮೊಮ್ಮಗಳ ಮೇಲೆ ಪ್ರೀತಿ ಕಡಿಮೆ ಇತ್ತು ಅಂತ ನಾನು ಯಾವತ್ತೂ ಹೇಳೋದಿಲ್ಲ. ಆಕೆಗೆ ಇದ್ದದ್ದು ಭಯ.

ಈ ಜಾಗದಲ್ಲಿ ನಮ್ಮ ವಿಚಾರವಾದಿ ಗೆಳೆಯರು "ನಿಮ್ಮವ್ವ ಆಗ ದೇವರನ್ನ ಬಿಟ್ಟು ಮಗಳನ್ನ ಉಳಿಸಿಕೊಂಡಳು" ಅಂತ ಕತೆ ಮುಗಿಸ್ತಾರೆ. ಇಲ್ಲ ಸ್ವಾಮಿ. ಅವ್ವ ಮಂಗಳವಾರ, ಶುಕ್ರವಾರ ಇವತ್ತಿಗೂ ಒಪ್ಪತ್ತು. ಹುಣ್ಣಿಮೆಗೆ ಪಡಲಗಿ ತುಂಬಿಸದೆ ಇದ್ದವಳಲ್ಲ. ಆಕೆ ಅವತ್ತು ಅತ್ತೆಗೆ ಹೇಳಿದ ಮಾತು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದೆ:

"ಅತ್ತಿ, ಹರಕಿ ಹೊತ್ತಾಕಿ ನೀನು. ಉಳದಾವ ನನ್ನ ಮಗ. ತೀರ್ಸೂದಿದ್ರ ನಾ ತೀರ್ಸಬೇಕು, ಇಲ್ಲಾ ನೀ ತೀರ್ಸಬೇಕು. ಆ ಹುಡುಗಿ ಏನು ಬೇಡಿಕೊಂಡಿದ್ಳು?"

ಆಮೇಲೆ ಮೂರು ದಿನ ಕೂತು ಅಕ್ಕನ ತಲೆಗೆ ಎಣ್ಣೆ ಹಚ್ಚಿ ಹಚ್ಚಿ ಗಂಟು ಬಿಡಿಸಿದಳು. ಬಿಡಿಸೋಕೆ ಆಗದ್ದನ್ನ ಕತ್ತರಿಯಿಂದ ಕತ್ತರಿಸಿದಳು. ಕತ್ತರಿಸುವಾಗ ಕೈ ನಡುಗುತ್ತಿತ್ತು ಅಂತ ಅಕ್ಕ ಹೇಳ್ತಾಳೆ. ಮುಂದಿನ ಹುಣ್ಣಿಮೆಗೆ ನಮ್ಮಿಬ್ಬರನ್ನೂ ಕರ್ಕೊಂಡು, ಬಸ್ಸು ಬದಲಿಸಿ ಬದಲಿಸಿ, ಹುಲಿಗಿಗೆ ಹೊರಟಳು. ಹುಲಿಗೆಮ್ಮನ ಗುಡಿ ಈಗ ಕೊಪ್ಪಳ ಜಿಲ್ಲೆ. 1997ರ ತನಕ ಅದೂ ನಮ್ಮ ರಾಯಚೂರು ಜಿಲ್ಲೆಯೇ. ಸವದತ್ತಿ ಎಲ್ಲಮ್ಮನೇ ಹುಲಿಗಿಗೆ ಬಂದು ನೆಲೆಸಿದಳು ಅನ್ನೋದು ನಮ್ಮ ಕಡೆಯ ನಂಬಿಕೆ. ಅಲ್ಲಿ ತುಂಗಭದ್ರೆಯಲ್ಲಿ ಮುಳುಗಿ ಎದ್ದು, ಅವ್ವ ತನ್ನ ಮುಡಿ ಕೊಟ್ಟಳು. ತನ್ನ ತಲೆಯ ಮುಡಿ. ಗಂಡ ಬದುಕಿರೋ ಹೆಂಗಸು ತಲೆ ಬೋಳಿಸಿಕೊಂಡು ಊರಿಗೆ ವಾಪಸ್ ಬಂದರೆ ಜನ ಏನೆಲ್ಲ ಆಡಿಕೊಂಡಿರಬಹುದು, ನೀವೇ ಊಹಿಸಿಕೊಳ್ಳಿ. ಅಪ್ಪ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ.

ಅದು ಮುಗೀಲಿಲ್ಲ. ಮುಂದೆ ಎಷ್ಟೋ ವರ್ಷ ನಾನು ಒಂದು ಸಲ ಕೆಮ್ಮಿದ್ರೆ ಸಾಕು, ಕೇರಿಯವರೆಲ್ಲ ಅವ್ವನ ಮುಖ ನೋಡೋರು.

ಈಗ ನನ್ನ ಜೊತೆಗಾರನ ವಾದಕ್ಕೆ ಬರ್ತೀನಿ.

ಮೊದಲನೇದು. "ದೇವರು ಕೇಳಿದ್ದನ್ನ ಕೊಡಬೇಕು" ಅನ್ನೋ ಮಾತಿನಲ್ಲಿ ಕೊಡ್ತಿರೋದು ಯಾರದ್ದು ಅನ್ನೋ ಪ್ರಶ್ನೆಯೇ ಮಾಯ ಆಗಿದೆ. ಗೋಪಾಲದಾಸರು ನಲವತ್ತು ವರ್ಷ ಕೊಟ್ಟರು, ತಮ್ಮದು. ಪಕ್ಕದ ಮನೆಯವನದ್ದಲ್ಲ, ತಂಗಿಯದ್ದಲ್ಲ. ಅದಕ್ಕೇ ಆ ಕತೆ ಕೇಳಿ ಅವ್ವ ಅತ್ತಿದ್ದು. ಆಯಿ ಕೊಡೋಕೆ ಹೊರಟಿದ್ದು ಮೊಮ್ಮಗಳ ನಲವತ್ತೋ ಐವತ್ತೋ ವರ್ಷಗಳನ್ನ. ಆಕೆ ಆ ಹುಡುಗಿಯನ್ನ ಒಂದು ಮಾತು ಕೇಳಿರಲಿಲ್ಲ. ಕೇಳಿದ್ರೂ ಹನ್ನೊಂದು ವರ್ಷದ ಹುಡುಗಿ ಹೂಂ ಅಂದ್ರೆ ಅದಕ್ಕೇನು ಬೆಲೆ? ಇನ್ನೊಬ್ಬರ ಗಂಟು ಬಿಚ್ಚಿ ದಾನ ಮಾಡಿದವನನ್ನ ನಾವು ದಾನಿ ಅಂತೀವಾ? ಬದುಕಿನ ವಿಷಯಕ್ಕೆ ಬಂದಾಗ ಮಾತ್ರ ಅದು ಭಕ್ತಿ ಹೇಗಾಯ್ತು?

ಎರಡನೇದು, ಸಿರಿಯಾಳನ ಕತೆ. ಇದನ್ನ ಪಕ್ಕಕ್ಕೆ ಸರಿಸೋಕೆ ಆಗಲ್ಲ, ಒಪ್ಕೊಳ್ತೀನಿ. ಶಿವ ಜಂಗಮನ ವೇಷದಲ್ಲಿ ಬಂದು ಮಗನ ಮಾಂಸದ ಅಡಿಗೆಯೇ ಬೇಕು ಅಂತಾನೆ, ತಂದೆ-ತಾಯಿ ಚಿಲಾಳನನ್ನ ಕೊಂದು ಅಡಿಗೆ ಮಾಡ್ತಾರೆ. ಕೇಳೋಕೇ ಕಷ್ಟ ಆಗೋ ಕತೆ. ಆದರೆ ಮುಂದೆ ಏನಾಗುತ್ತೆ? ಊಟಕ್ಕೆ ಕೂತ ಶಿವ, ಮಕ್ಕಳಿಲ್ಲದ ಮನೆಯಲ್ಲಿ ಉಣ್ಣಲ್ಲ, ನಿನ್ನ ಮಗನನ್ನ ಕರಿ ಅಂತಾನೆ. ಕರೆದರೆ ಚಿಲಾಳ ಓಡಿ ಬರ್ತಾನೆ. ಇಬ್ರಾಹಿಮರ ಕತೆಯೂ ಹಾಗೇ. ಕತ್ತಿ ಎತ್ತಿದ ಕೈ ನಿಲ್ಲುತ್ತೆ, ಮಗನ ಬದಲಿಗೆ ಟಗರು. ಬಕ್ರೀದಿನಲ್ಲಿ ನೆನೆಯೋದು ಇದನ್ನೇ. ಕುರಾನಿನಲ್ಲಿ ಇನ್ನೊಂದು ಮಾತಿದೆ: ಇಬ್ರಾಹಿಮರು ಮೊದಲು ಮಗನನ್ನ ಕೇಳ್ತಾರೆ, ನೀನೇನಂತೀಯ ಅಂತ. ದೇವರ ಅಪ್ಪಣೆ ಇದ್ದೂ ಕೇಳ್ತಾರೆ.

ಈ ಕತೆಗಳನ್ನ ಹೇಳಿ ನಮ್ಮ ಹೆಣ್ಣುಮಕ್ಕಳನ್ನ ಬಿಡಿಸಿಕೊಂಡವರು ಅರ್ಧ ಕತೆ ಹೇಳಿದ್ರು. ಮಗ ವಾಪಸ್ ಬರೋ ಅರ್ಧವನ್ನ ನುಂಗಿ ನೀರು ಕುಡಿದ್ರು. ಕರ್ನಾಟಕ ಸರ್ಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಒಮ್ಮೆ ದೇವದಾಸಿಯರ ಸಮೀಕ್ಷೆ ಮಾಡಿತು. ಎರಡೂ ಸೇರಿ ಸಿಕ್ಕ ಲೆಕ್ಕ 46,660. ಇವರಲ್ಲಿ ಎಷ್ಟು ಜನರನ್ನ ದೇವರು ಹೆಸರು ಹಿಡಿದು ಕರೆದು ವಾಪಸ್ ಕೊಟ್ಟ? ಚಿಲಾಳ ಓಡಿ ಬಂದ. ನಮ್ಮ ಕೇರಿಯ ಹುಡುಗಿಯರು ಪುಣೆ-ಮುಂಬಯಿಯಿಂದ ರೋಗ ಹೊತ್ತುಕೊಂಡು ಬಂದ್ರು, ಎಷ್ಟೋ ಜನ ಬರಲೇ ಇಲ್ಲ.

ಮೂರನೇದು. ಈ ದೇವಿ ಯಾರು ಅಂತ ಒಂದು ಸಲ ನೆನಪು ಮಾಡ್ಕೊಳ್ಳಿ. ಎಲ್ಲಮ್ಮ ಅಂದ್ರೆ ರೇಣುಕೆ. ನೀರಿಗೆ ಹೋದಾಗ ಮನಸ್ಸು ಕದಲಿತು ಅಂತ ಗಂಡ ಜಮದಗ್ನಿಗೆ ಸಿಟ್ಟು. ಮಕ್ಕಳಿಗೆ, ನಿಮ್ಮವ್ವನ ತಲೆ ಕಡೀರಿ ಅಂತಾನೆ. ದೊಡ್ಡ ಮಕ್ಕಳು ಒಲ್ಲೆ ಅಂದು ಶಾಪ ತಿಂತಾರೆ. ಕಿರಿಯವ ಪರಶುರಾಮ ಹೇಳಿದ ಹಾಗೆ ಕೇಳಿ ಕಡೀತಾನೆ. ಅಪ್ಪ ಮೆಚ್ಚಿ ವರ ಕೇಳು ಅಂದಾಗ ಆ ಮಾತು ಕೇಳಿದ ಮಗ ಮೊದಲು ಕೇಳಿದ್ದೇನು? ಅವ್ವನ್ನ ಬದುಕಿಸು ಅಂತ! ವಿಧೇಯತೆಗೆ ಹೆಸರಾದವನೇ ತಾನು ಮಾಡಿದ್ದು ಆಗದ ಹಾಗೆ ಮಾಡು ಅಂತ ಬೇಡ್ಕೊಂಡ.

ದೊಡ್ಡವರ ಮಾತು ಮೀರಬಾರದು ಅನ್ನೋ ಒಂದೇ ಕಾರಣಕ್ಕೆ ಹೆತ್ತ ಮಗನಿಂದ ತಲೆ ಕಡಿಸಿಕೊಂಡ ತಾಯಿ ಆಕೆ. ಆ ತಾಯಿ ನಮ್ಮಂಥವರ ಗುಡಿಸಲಿಗೆ ಬಂದು, ನಿನ್ನ ಮಗಳ ಬದುಕು ಕಡಿದು ನನ್ನ ಮುಂದೆ ಇಡು ಅಂತಾಳಾ? ಆಕೆಯನ್ನ ನಂಬೋದು ಅಂದ್ರೆ ಇಂಥದ್ದನ್ನ ಆಕೆ ಕೇಳಲ್ಲ ಅಂತ ನಂಬೋದು. ಅವ್ವ ಮಾಡಿದ್ದು ಇದನ್ನೇ. ಆಯಿಗೆ ದೇವಿಯ ಭಯ ಇತ್ತು, ಅವ್ವನಿಗೆ ದೇವಿಯ ಭರವಸೆ ಇತ್ತು. ನನ್ನ ಜೊತೆಗಾರ ಮೊದಲನೇದನ್ನ ನಂಬಿಕೆ ಅಂತ ಕರೀತಾನೆ. ನಾನು ಒಪ್ಪಲ್ಲ.

ನಾಲ್ಕನೇದು, ಇದು ಕೆಲವರಿಗೆ ಖಾರ ಅನ್ನಿಸಬಹುದು. ಎಲ್ಲಮ್ಮ ಜಡೆಯಾಗಿ ಬರೋದು ನಮ್ಮ ಕೇರಿಗೇ ಯಾಕೆ? ಮೇಲಿನ ಓಣಿಯಲ್ಲೂ ಆಕೆಗೆ ನಡ್ಕೊಳ್ಳೋ ಮನೆಗಳಿದ್ವು. ಅಲ್ಲಿನ ಹುಡುಗಿಯರ ತಲೆಯಲ್ಲಿ ಗಂಟು ಬಿದ್ರೆ ಬಾಚಣಿಗೆ ತರ್ತಿದ್ರು, ನಮ್ಮ ಹುಡುಗಿಯರ ತಲೆಯಲ್ಲಿ ಬಿದ್ರೆ ಮುತ್ತು ತರ್ತಿದ್ರು. ಇತ್ತೀಚಿನ ದಶಕಗಳಲ್ಲಿ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳೇ. ದೇವರ ಪರೀಕ್ಷೆ ಯಾವಾಗ್ಲೂ ಬಡವರ ಹೆಣ್ಣುಮಕ್ಕಳಿಗೇ ಬಂದು, ಅದರ ಫಲ ಯಾವಾಗ್ಲೂ ಉಳ್ಳವರ ಗಂಡಸರಿಗೇ ಸಿಕ್ಕರೆ, ಪ್ರಶ್ನೆಪತ್ರಿಕೆ ಬರೆದವರು ಯಾರು ಅಂತ ಅನುಮಾನ ಪಡೋದು ಪಾಪ ಅಲ್ಲ.

"ಹಾಗೆ ಕೇಳ್ತಾ ಹೋದ್ರೆ ದೇವರೇ ಉಳಿಯಲ್ಲ" ಅಂತಾರೆ. ಚಂದ್ರಗುತ್ತಿ ನೆನಪು ಮಾಡ್ಕೊಳ್ಳಿ. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ರೇಣುಕಾಂಬೆ ಗುಡಿ, ಇದೇ ತಾಯಿ. ಅಲ್ಲಿ ಬೆತ್ತಲೆ ಸೇವೆ ನಡೀತಿತ್ತು. 1986ರ ಮಾರ್ಚ್‌ನಲ್ಲಿ ತಡೆಯೋಕೆ ಹೋದ ಕಾರ್ಯಕರ್ತರನ್ನ, ಪೊಲೀಸರನ್ನ ಹಿಡಿದು ಹೊಡೆದು ಬೆತ್ತಲೆ ಮಾಡಿದ್ರು. ದೊಡ್ಡ ಗದ್ದಲ ಆಯ್ತು, ಆಮೇಲೆ ಸೇವೆ ನಿಷೇಧ ಆಯ್ತು. ಆಗಲೂ ಇದೇ ಮಾತು: ನಂಬಿಕೆಗೆ ಕೈ ಹಾಕಿದ್ರೆ ದೇವಿ ಸುಮ್ಮನಿರಲ್ಲ. ಏನಾಯ್ತು? ಇವತ್ತೂ ಜಾತ್ರೆ ನಡೆಯುತ್ತೆ, ಜನ ಬರ್ತಾರೆ, ಬಟ್ಟೆ ಹಾಕ್ಕೊಂಡೇ ಬರ್ತಾರೆ. ದೇವಿ ಗುಡಿ ಬಿಟ್ಟು ಹೋಗಲಿಲ್ಲ.

ಕಾನೂನಿನ ಮಾತೂ ಹೇಳಿಬಿಡ್ತೀನಿ. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದ್ರಾಸ್ ಪ್ರಾಂತದಲ್ಲಿ 1947ರಲ್ಲಿ ದೇವದಾಸಿ ಬಿಡೋದನ್ನ ತಡೆಯೋ ಕಾಯ್ದೆ ಬಂದ್ವು. ನಾವು ನಿಜಾಮರ ಸೀಮೆ, ಅವೆರಡೂ ನಮಗೆ ಅನ್ವಯ ಆಗ್ತಿರಲಿಲ್ಲ. ಕರ್ನಾಟಕದ ಕಾಯ್ದೆ 1982ರದ್ದು, ಜಾರಿಯಾಗಿದ್ದು 1984ರಲ್ಲಿ. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದ ತನಕ, ಹೆತ್ತವರೇ ಕಟ್ಟಿಸಿದ್ರೆ ಎರಡರಿಂದ ಐದು ವರ್ಷ ಜೈಲು. ಅಂದ್ರೆ ಅಕ್ಕನ ತಲೆಯಲ್ಲಿ ಜಡೆ ಬಿದ್ದಾಗ ಕಾನೂನು ಆಗಲೇ ಇತ್ತು, ನಮ್ಮ ಕೇರಿಯಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. 2025ರಲ್ಲಿ ವಿಧಾನಮಂಡಲ ಹೊಸ ಮಸೂದೆ ಒಪ್ಪಿತು, ದೇವದಾಸಿಯರ ಮಕ್ಕಳು ತಮ್ಮ ತಂದೆ ಯಾರು ಅಂತ ಹಕ್ಕಿನಿಂದ ಕೇಳೋದಕ್ಕೆ ದಾರಿ ಮಾಡಿಕೊಡೋದು. ತಡ ಆದ್ರೂ ಒಳ್ಳೆಯದು. ಕಾನೂನು ಬೇಕೇ ಬೇಕು. ಆದರೆ ಅವತ್ತು ಆ ಗುಡಿಸಲಿನಲ್ಲಿ ಆಯಿಯ ಬಾಯಿ ಮುಚ್ಚಿಸಿದ್ದು ಕಾನೂನಲ್ಲ. "ದೇವರೇ ಇಲ್ಲ" ಅಂದಿದ್ರೆ ಅವ್ವನನ್ನ ಹುಚ್ಚಿ ಅಂತ ಕೂರಿಸಿ ಅಕ್ಕನನ್ನ ಕರ್ಕೊಂಡು ಹೋಗ್ತಿದ್ರು. ದೇವಿಯ ಮೇಲಿನ ಭರವಸೆಯಿಂದಲೇ ಆಕೆ ಗೆದ್ದದ್ದು. ಅದಕ್ಕೇ ನಾನು ಈ ವಾದವನ್ನ ದೇವರ ಅಂಗಳದಲ್ಲೇ ಮಾಡ್ತಿರೋದು.

ಇನ್ನು ಒಂದು ಆಕ್ಷೇಪ ಉಳೀತು. ಅದು ನನಗೆ ನಾನೇ ಹಾಕ್ಕೊಂಡಿದ್ದು. "ನೀನು ಬದುಕಿದೀಯ, ಅದಕ್ಕೇ ಇಷ್ಟು ಧೈರ್ಯದ ಮಾತು. ಹುಲಿಗಿಯಿಂದ ಬಂದ ವರ್ಷವೇ ನೀನು ಸತ್ತಿದ್ರೆ?"

ಸತ್ತಿದ್ರೆ ಕೇರಿ ಅವ್ವನನ್ನ ಜೀವಮಾನ ಪೂರ್ತಿ ಬಿಡ್ತಿರಲಿಲ್ಲ. ಇದನ್ನ ಬರೆಯೋಕೆ ನಾನೂ ಇರ್ತಿರಲಿಲ್ಲ. ಆದ್ರೂ ಅವ್ವ ಮಾಡಿದ್ದು ಸರಿಯೇ ಆಗಿರ್ತಿತ್ತು. ನಾನು ಉಳಿದದ್ದು ಆಕೆ ಸರಿ ಅನ್ನೋದಕ್ಕೆ ಸಾಕ್ಷಿ ಅಲ್ಲ, ಮುತ್ತು ಕಟ್ಟಿಸಿದ ಮನೆಗಳಲ್ಲಿ ಮಕ್ಕಳು ಸಾಯಲಿಲ್ವಾ? ಬೇಕಾದಷ್ಟು ಸತ್ತಿದ್ದಾರೆ. ಮಗ ಉಳಿದ್ರೆ ದೇವರು ಒಪ್ಪಿದ, ಸತ್ರೆ ದೇವರು ಸಿಟ್ಟಾದ ಅನ್ನೋದೇ ನನ್ನ ಜೊತೆಗಾರ ಬೈದ ಆ ಲೆಕ್ಕಾಚಾರ. ಅವ್ವ ಆ ಲೆಕ್ಕ ಹಾಕಲಿಲ್ಲ. ಮಗ ಹೋದ್ರೂ ಹೋಗಬಹುದು ಅನ್ನೋ ಭಯ ಹೊಟ್ಟೆಯಲ್ಲಿ ಇಟ್ಕೊಂಡೇ ಮಗಳನ್ನ ಕೊಡಲ್ಲ ಅಂದಳು. ತ್ಯಾಗ ಅಂತ ಒಂದು ಆ ಮನೆಯಲ್ಲಿ ನಡೆದಿದ್ರೆ ಅದು ಅದೇ. ಆಕೆ ಪಣಕ್ಕಿಟ್ಟಿದ್ದು ತನ್ನ ನೆಮ್ಮದಿ, ತನ್ನ ಮರ್ಯಾದೆ, ತನ್ನ ಕೂದಲು.

ಹೋದ ಸಲ ಊರಿಗೆ ಹೋದಾಗ ಕೇಳಿದೆ, "ಯವ್ವಾ, ಆವತ್ತು ಹೆದರಿಕಿ ಆಗ್ಲಿಲ್ಲೇನು?" ಜೋಳ ಹಸನು ಮಾಡ್ತಾ ಕೂತಿದ್ದಳು. "ಆಗ್ದೇನು? ಎರಡು ವರ್ಷ ನಿದ್ದಿ ಮಾಡ್ಲಿಲ್ಲ. ನಿನ್ನ ಮೂಗಿನ ಹತ್ರ ಬಟ್ಟು ಹಿಡದು ಉಸಿರು ಐತೋ ಇಲ್ಲೋ ನೋಡ್ತಿದ್ನಿ" ಅಂದಳು. ಮತ್ತೆ ಮೊರ ಝಾಡಿಸೋಕೆ ಶುರು ಮಾಡಿದಳು.

ಅಕ್ಕ ಅಂಗನವಾಡಿಯಲ್ಲಿ ಕೆಲಸ ಮಾಡ್ತಾಳೆ, ಆಕೆಯ ಮಗಳು ನರ್ಸಿಂಗ್ ಓದ್ತಿದ್ದಾಳೆ. ಇದನ್ನ ಬರೆಯೋ ಮುಂಚೆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ, ನಿನ್ನ ಕತಿ ಬರೀಲೇನು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬರಿ. ಹೆಸರು ಹಾಕ್ಬ್ಯಾಡ. ಮತ್ತ ಆಯಿನ್ನ ಬೈದು ಬರೀಬ್ಯಾಡ" ಅಂದಳು. ಮೂರು ವಾರ ಅಳಿಸಿ ಅಳಿಸಿ ಬರೆದದ್ದು ಆ ಎರಡನೇ ಮಾತಿಗೋಸ್ಕರ.

ನನ್ನ ಜೊತೆಗಾರ ಇಲ್ಲಿಗೆ ಬಂದು ಓದ್ತಾನೋ ಇಲ್ವೋ ಗೊತ್ತಿಲ್ಲ. ಓದಿದ್ರೆ, ಸೋಮವಾರ ಊಟಕ್ಕೆ ಕೂತಾಗ ಮಾತಾಡೋಣ ಮಾರಾಯ. ಈ ಸಲ ಸುಮ್ಮನೆ ತಲೆ ಆಡಿಸಲ್ಲ.

ನಿಮ್ಮ ಊರಿನಲ್ಲೂ ಹೀಗೆ ಹೊತ್ತ ಹರಕೆಗಳು, ತೀರಿಸದೆ ಉಳಿಸಿಕೊಂಡ ಮಕ್ಕಳು ಇದ್ರೆ ಬರೀರಿ. ನನ್ನ ವಾದ ತಪ್ಪು ಅನ್ನಿಸಿದ್ರೆ ಅದನ್ನೂ ಬರೀರಿ, ಬೇಜಾರಿಲ್ಲ.